ರಂಗೋಲಿ ಯಾರ ಕೈಯಲ್ಲಿದೆ?

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಹೆದ್ದಾರಿಯಲ್ಲಿ ಒಮ್ಮೆಯಾದರೂ ಬಸ್ಸಿನಲ್ಲಿ ಪಯಣಿಸಿದವರಿಗೆ ಒಂದು ಸಂಗತಿ ಯಾರೂ ಹೇಳದೆಯೇ ತಿಳಿಯುತ್ತದೆ. ಹೊರಟಾಗ ಕಿಟಕಿಯಾಚೆ ಕಾಣುವುದು ಮಳೆಯನ್ನೇ ನಂಬಿದ ಹೊಲಗಳು, ತೊಗರಿ, ಸಜ್ಜೆ, ಜೋಳ, ಬೋಳು ಕಲ್ಲುಗುಡ್ಡ. ನಡುವೆ ಮಸ್ಕಿ. ಮಸ್ಕಿ ದಾಟಿ ಸಿಂಧನೂರು ಸಮೀಪಿಸುವಷ್ಟರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ ಬರುತ್ತದೆ. ಭತ್ತದ ಗದ್ದೆಗಳು, ಅಕ್ಕಿ ಗಿರಣಿಗಳು ಸಾಲುಗಟ್ಟುತ್ತವೆ. ರಸ್ತೆ ಒಂದೇ, ಜಿಲ್ಲೆ ಒಂದೇ. ಆದರೆ ಬಡತನ ಎರಡು ಬಗೆಯದು. ಒಣಬೇಸಾಯದವನಿಗೆ ಭೂಮಿಯಿದೆ, ನೀರಿಲ್ಲ. ನೀರಾವರಿ ಸೀಮೆಯ ಕೂಲಿಯವಳ ಮುಂದೆಯೇ ನೀರು ಹರಿಯುತ್ತದೆ, ಅವಳಿಗೆ ಭೂಮಿಯಿಲ್ಲ. ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತಾನೆ. ಅವಳು ಇನ್ನೊಬ್ಬರ ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚುತ್ತಾಳೆ. ಎರಡನ್ನೂ ‘ಹಿಂದುಳಿದ ಪ್ರದೇಶ’ ಎಂಬ ಒಂದೇ ಹೆಸರಿನಿಂದ ಕರೆದು ಮುಗಿಸುವವರು ಎರಡನ್ನೂ ಅರಿತಿಲ್ಲ.

ಇಂಥ ಸೀಮೆಗಳಿಗೆ ಪ್ರತಿವರ್ಷವೂ ವಿದ್ಯಾರ್ಥಿಗಳು ಬರುತ್ತಾರೆ. ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರಕ್ಕೆ ಬರುವವರುಂಟು, ಸಮಾಜಕಾರ್ಯ ವಿಭಾಗಗಳಿಂದ ಬರುವವರುಂಟು, ಪರದೇಶದ ವಿಶ್ವವಿದ್ಯಾಲಯಗಳಿಂದ ಬರುವವರೂ ಉಂಟು. ಅವರಲ್ಲಿ ನಮ್ಮ ಧರ್ಮಕೇಂದ್ರಗಳ ಮಕ್ಕಳೂ ಇದ್ದಾರೆ. ನೀವು ಅಂಥ ಮಗನನ್ನೋ ಮಗಳನ್ನೋ ಬಸ್ಸು ಹತ್ತಿಸಿ ಹರಸಿ ಕಳುಹಿಸಿದ ತಂದೆತಾಯಿಯಾಗಿರಬಹುದು. ಶಿಬಿರದ ಚಿತ್ರಗಳನ್ನು ನೋಡಿ ಹೆಮ್ಮೆಪಟ್ಟಿರಲೂಬಹುದು: ಶಾಲೆಯ ಗೋಡೆಗೆ ಬಣ್ಣ, ಬೀದಿಯಲ್ಲಿ ಪೊರಕೆ, ಗುಡಿಯ ಕಟ್ಟೆಯ ಮುಂದೆ ಬೀದಿನಾಟಕ, ಕೊನೆಯ ದಿನ ಶಾಲು ಹಾರ. ಆ ಹೆಮ್ಮೆಯನ್ನು ಕಸಿಯುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಕಹಿಮಾತನ್ನು ಹೇಳದೆ ವಿಧಿಯಿಲ್ಲ. ಊರಿನವರು ಕೇಳದ ಕೆಲಸವನ್ನು, ಊರಿನವರು ನಿಶ್ಚಯಿಸದ ಹೊತ್ತಿನಲ್ಲಿ ಮಾಡಿ ಬರುವುದು ಸೇವೆಯಲ್ಲ. ಅದು ನಮ್ಮ ತೃಪ್ತಿಗಾಗಿ ಬಡವರ ಅಂಗಳವನ್ನು ಬಳಸಿಕೊಳ್ಳುವುದು.

ಮೊದಲು ಹೊತ್ತಿನ ಮಾತನ್ನೇ ತೆಗೆದುಕೊಳ್ಳಿ. ಶಿಬಿರಗಳು ನಡೆಯುವುದು ಕಾಲೇಜಿನ ಅನುಕೂಲಕ್ಕೆ ತಕ್ಕಂತೆ, ಬಹುಮಟ್ಟಿಗೆ ಚಳಿಗಾಲ ಬೇಸಿಗೆಗಳಲ್ಲಿ. ಒಣಸೀಮೆಯಲ್ಲಿ ಅದೇ ಗುಳೆಯ ಕಾಲ. ಯಾರ ಕಷ್ಟ ಅತ್ಯಂತ ದೊಡ್ಡದೋ ಅವರ ಮನೆಗೆ ಬೀಗ ಬಿದ್ದಿರುತ್ತದೆ. ಊರಲ್ಲಿ ಉಳಿದವರಲ್ಲೂ ಕೂಲಿಯ ಹೆಂಗಸರು ಬೆಳಗಾಗುವ ಮುನ್ನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಹೊತ್ತು ಮುಳುಗಿದ ಮೇಲೆ ಮರಳುತ್ತಾರೆ. ಶಿಬಿರದ ವೇಳಾಪಟ್ಟಿ ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಹಾಗಾದರೆ ನಮ್ಮ ಮಕ್ಕಳು ‘ಗ್ರಾಮಸ್ಥರೊಂದಿಗೆ ಸಂವಾದ’ ನಡೆಸಿದ್ದು ಯಾರೊಡನೆ? ಹಗಲಿನಲ್ಲಿ ಕಟ್ಟೆಯ ಮೇಲೆ ಕುಳಿತಿರಲು ಬಿಡುವಿದ್ದವರೊಡನೆ. ಆ ಬಿಡುವು ಹಳ್ಳಿಯಲ್ಲಿ ಯಾರಿಗಿರುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದುದು ೧೯೬೯ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, ೩೭ ವಿಶ್ವವಿದ್ಯಾಲಯಗಳ ಸುಮಾರು ೪೦,೦೦೦ ವಿದ್ಯಾರ್ಥಿಗಳೊಡನೆ. ‘ನಾನಲ್ಲ, ನೀನು’ ಎಂಬುದು ಅದರ ಧ್ಯೇಯವಾಕ್ಯದ ತಿರುಳು. ಎಷ್ಟು ಉದಾತ್ತವಾದ ಮಾತು! ಆದರೆ ‘ನೀನು’ ಎಂದವನು ಆ ‘ನೀನು’ ಏನು ಹೇಳುತ್ತಾನೆಂದು ಕೇಳಿಸಿಕೊಳ್ಳದಿದ್ದರೆ ಉಳಿಯುವುದು ‘ನಾನು’ ಮಾತ್ರ.

ಈ ಸೀಮೆಯನ್ನು ಅಳೆದವರಿಗೆ ಕೊರತೆಯಿಲ್ಲ. ೨೦೦೨ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ೧೧೪ ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದವು. ಆ ೩೯ರಲ್ಲಿ ೨೧ ಅಂದಿನ ಗುಲಬರ್ಗಾ ವಿಭಾಗದವು. ಸಂವಿಧಾನದ ೩೭೧(ಜೆ) ವಿಧಿಯ ವಿಶೇಷ ಸ್ಥಾನಮಾನ ೨೦೧೩ರಲ್ಲಿ ಜಾರಿಗೆ ಬಂತು. ೨೦೧೮ರಲ್ಲಿ ರಾಯಚೂರು ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳ ಪಟ್ಟಿ ಸೇರಿತು. ಇವೆಲ್ಲ ಬೇಕಾದವುಗಳೇ, ನಂಜುಂಡಪ್ಪನವರ ವರದಿ ಇಲ್ಲದಿದ್ದರೆ ಈ ಭಾಗದ ಅನ್ಯಾಯಕ್ಕೆ ಅಂಕಿಸಂಖ್ಯೆಯ ಆಧಾರವೇ ಇರುತ್ತಿರಲಿಲ್ಲ. ಆದರೆ ಅಳೆಯುವುದು ಬೇರೆ, ಕೇಳುವುದು ಬೇರೆ. ಪ್ರಶ್ನಾವಳಿ ಹಿಡಿದು ಮನೆಮನೆಗೆ ಹೋಗುವ ವಿದ್ಯಾರ್ಥಿಯೂ ಅಳೆಯುವವರ ಸಾಲಿಗೆ ಇನ್ನೊಬ್ಬನಾಗುತ್ತಾನೆಯೇ ಹೊರತು ಕೇಳುವವನಾಗುವುದಿಲ್ಲ.

ಕೇಳುವುದು ಹೇಗೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕೃಷಿ ಪದವಿ ಓದುವ ವಿದ್ಯಾರ್ಥಿಗಳು ಕೊನೆಯ ವರ್ಷ ಹಳ್ಳಿಯಲ್ಲಿ ತಂಗಿ ಗ್ರಾಮೀಣ ಕಾರ್ಯಾನುಭವ ಪಡೆಯಬೇಕೆಂಬ ನಿಯಮವಿದೆ. ಆಗ ಅವರು ಊರ ನಡುವೆ, ಗುಡಿಯ ಮುಂದೆಯೋ ಶಾಲೆಯ ಅಂಗಳದಲ್ಲೋ, ರಂಗೋಲಿ ಪುಡಿಯಿಂದ ಇಡೀ ಹಳ್ಳಿಯ ನಕ್ಷೆಯನ್ನು ನೆಲದ ಮೇಲೆ ಬರೆಯುತ್ತಾರೆ. ಹಸಿರು ಪುಡಿಯಲ್ಲಿ ಹೊಲ, ನೀಲಿಯಲ್ಲಿ ಹಳ್ಳ, ಕೆಂಪಿನಲ್ಲಿ ರಸ್ತೆ. ನೋಡಲು ಸೊಗಸು. ಮಾಧ್ಯಮದವರು ಬಂದು ಚಿತ್ರ ತೆಗೆಯುತ್ತಾರೆ. ಆದರೆ ಈ ವಿಧಾನ ಹುಟ್ಟಿದ್ದು ವಿದ್ಯಾರ್ಥಿಗಳು ಚಿತ್ರ ಬರೆಯಲಿ ಎಂದಲ್ಲ. ಊರಿನವರೇ ಬರೆಯಲಿ, ಹೊರಗಿನವನು ಕುಕ್ಕರಗಾಲಿನಲ್ಲಿ ಕುಳಿತು ನೋಡಲಿ ಎಂದು. ೧೯೮೦ರ ದಶಕದ ಕೊನೆಯಲ್ಲಿ ನಮ್ಮ ಕರ್ನಾಟಕದ ಮೈರಾಡ ಸಂಸ್ಥೆ ಈ ಸಹಭಾಗಿ ವಿಧಾನವನ್ನು ಭಾರತದಲ್ಲಿ ಮೊದಲು ಬಳಸಿದವರಲ್ಲಿ ಒಂದು. ಇಂಗ್ಲೆಂಡಿನ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಅದನ್ನು ಲೋಕಕ್ಕೆ ಪರಿಚಯಿಸಿದರು. ತೋರುಗೋಲನ್ನು ಹಳ್ಳಿಯವರ ಕೈಗೆ ಒಪ್ಪಿಸಿ ನೀನು ಸುಮ್ಮನಿರು ಎಂಬುದೇ ಅದರ ಮೊದಲ ಪಾಠ.

ವಿದ್ಯಾರ್ಥಿ ಬರೆದ ನಕ್ಷೆಯಲ್ಲಿ ಮೊದಲು ಮೂಡುವುದು ಪಂಚಾಯಿತಿ ಕಚೇರಿ, ಶಾಲೆ, ಗುಡಿ, ಮುಖ್ಯರಸ್ತೆ. ಅದೇ ಪುಡಿಯನ್ನು ಕೇರಿಯ ಹೆಣ್ಣುಮಕ್ಕಳ ಕೈಗೆ ಕೊಟ್ಟು ನೋಡಿ. ಅವರು ಮೊದಲು ಗುರುತಿಸುವುದು ನೀರು ತರುವ ಜಾಗ, ಕತ್ತಲಲ್ಲಿ ಬಹಿರ್ದೆಸೆಗೆ ಹೋಗುವ ದಾರಿ, ಕುಡಿದವರು ಗುಂಪುಗೂಡುವ ಅಂಗಡಿ, ಸೌದೆ ಸಿಗುವ ಜಾಲಿಯ ಮೆಳೆ. ಊರು ಒಂದೇ, ನಕ್ಷೆ ಎರಡು. ಯಾವ ನಕ್ಷೆಯ ಮೇಲೆ ಕೆಲಸ ನಿಶ್ಚಯವಾಗುತ್ತದೆ ಎಂಬುದೇ ಇಲ್ಲಿಯ ಮೂಲಪ್ರಶ್ನೆ. ಗೋಡೆಗೆ ಬಣ್ಣ ಬೇಕೆಂದು ಮೊದಲ ನಕ್ಷೆ ಹೇಳೀತು. ಎರಡನೆಯದು ಎಂದೂ ಹೇಳದು.

ಜನ ತಾವೇ ಯೋಚಿಸಿದರೆ ಏನಾದೀತು ಎಂಬ ಸಂಶಯ ನಿಮಗಿದ್ದರೆ ಅದೇ ಮೈರಾಡದ ಇನ್ನೊಂದು ಅನುಭವವನ್ನು ಗಮನಿಸಿ. ೧೯೮೪–೮೫ರ ಸುಮಾರಿಗೆ ಆ ಸಂಸ್ಥೆ ನೆಚ್ಚಿದ್ದ ದೊಡ್ಡ ಸಹಕಾರ ಸಂಘಗಳು ಒಳಜಗಳದಿಂದ ಒಡೆದವು. ಆಗ ಸದಸ್ಯರು ಚಿಕ್ಕ ಚಿಕ್ಕ ಗುಂಪುಗಳಾಗಿ ಬಂದು, ಸಾಲ ತೀರಿಸಲು ತಾವು ಸಿದ್ಧ, ಆದರೆ ಆ ಸಂಘಕ್ಕಲ್ಲ, ತಮ್ಮ ತಮ್ಮ ಗುಂಪಿಗೆ ಎಂದರು. ಸಂಸ್ಥೆಯವರು ಹಟ ಹಿಡಿಯಲಿಲ್ಲ, ಕಿವಿಗೊಟ್ಟರು. ಅಲ್ಲಿಂದ ಬೆಳೆದು ಬಂದುದೇ ಸ್ವಸಹಾಯ ಸಂಘ. ೧೯೯೨ರಲ್ಲಿ ನಬಾರ್ಡ್ ೫೦೦ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಮುಂದೆ ಅದು ದೇಶವನ್ನೇ ವ್ಯಾಪಿಸಿತು. ಯಾವ ತಜ್ಞನ ಮೇಜಿನ ಮೇಲೂ ಹುಟ್ಟದ ಯೋಜನೆ ಅದು. ಸಾಲ ತೀರಿಸಲು ಬಂದ ಬಡವರು ತಂದುಕೊಟ್ಟದ್ದು.

ಪರದೇಶದಿಂದ ಬರುವ ವಿದ್ಯಾರ್ಥಿಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ೧೯೬೮ರ ಏಪ್ರಿಲಿನಲ್ಲಿ ಮೆಕ್ಸಿಕೋ ದೇಶದ ಕ್ವೆರ್ನವಾಕಾ ಎಂಬ ಊರಿನಲ್ಲಿ ಅಮೆರಿಕದ ವಿದ್ಯಾರ್ಥಿಗಳ ಸಭೆಯೊಂದು ನಡೆಯಿತು. ರಜೆಯಲ್ಲಿ ಮೆಕ್ಸಿಕೋದ ಬಡ ಹಳ್ಳಿಗಳಿಗೆ ಹೋಗಿ ದುಡಿಯುವ ತರುಣರು ಅವರು. ಆ ಸಭೆಯಲ್ಲಿ ಮಾತನಾಡಿದ ಕಥೋಲಿಕ ಗುರು ಇವಾನ್ ಇಲಿಚ್ ಅವರನ್ನು ಹೊಗಳಲಿಲ್ಲ. ನಿಮ್ಮ ಸದುದ್ದೇಶದಿಂದಲೇ ಕೇಡಾಗುತ್ತಿದೆ, ನೀವು ಆ ಜನರ ಭಾಷೆಯನ್ನೂ ಅರಿಯಿರಿ, ಅವರು ನಿಮ್ಮ ಬಗ್ಗೆ ಏನೆಂದುಕೊಳ್ಳುತ್ತಾರೆಂದು ನಿಮಗೆ ತಿಳಿಯುವ ಬಗೆಯೇ ಇಲ್ಲ ಎಂದರು. ಬಡವರ ನಡುವೆ ದುಡಿಯಲೇಬೇಕೆಂದಿದ್ದರೆ, ನಿಮ್ಮನ್ನು ಮುಖದ ಮೇಲೆ ‘ಬೇಡ, ಹೋಗಿ’ ಎನ್ನಬಲ್ಲ ಬಡವರ ನಡುವೆ ದುಡಿಯಿರಿ ಎಂದರು. ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧರಿಸಲು ಬರಬೇಡಿ ಎಂಬುದು ಅವರ ಮಾತಿನ ಸಾರ.

ನಾನು ಇಲಿಚ್ ಅವರಷ್ಟು ದೂರ ಹೋಗಲಾರೆ. ಆದರೆ ಅವರು ಕೊಟ್ಟ ಒರೆಗಲ್ಲು ಸರಿಯಾದುದು. ಈ ಊರಿನವರು ನಮಗೆ ‘ಬೇಡ’ ಎನ್ನಬಲ್ಲರೇ? ಎನ್ನಲಾರರಾದರೆ ಅವರ ‘ಹೂಂ’ಗೆ ಬೆಲೆಯಿಲ್ಲ.

ಪರದೇಶದಲ್ಲಿದ್ದೂ ಈ ಒರೆಗಲ್ಲನ್ನು ಒಪ್ಪಿದ ವಿದ್ಯಾರ್ಥಿಗಳುಂಟು. ೧೯೯೧ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ರವಿ ಕೂಚಿಮಂಚಿ ‘ಏಡ್’ ಎಂಬ ಸಂಘಟನೆಯನ್ನು ಆರಂಭಿಸಿದರು. ಅದೇ ವರ್ಷ ಬರ್ಕ್‌ಲಿಯ ವಿಶ್ವವಿದ್ಯಾಲಯದಲ್ಲಿ ಸಂದೀಪ್ ಪಾಂಡೆ ಮತ್ತು ಗೆಳೆಯರು ‘ಆಶಾ’ ಕಟ್ಟಿದರು. ತಾವಿದ್ದಲ್ಲಿ ಹಣ ಕೂಡಿಸಿ, ಭಾರತದ ಹಳ್ಳಿಗಳಲ್ಲಿ ಆಗಲೇ ದುಡಿಯುತ್ತಿದ್ದವರಿಗೆ ಹೆಗಲಾಗುವುದು ಅವರ ಪದ್ಧತಿ. ಮಹಾರಾಷ್ಟ್ರದ ನರ್ಮದಾ ಕಣಿವೆಯ ಬಿಲಗಾಂವ್ ಎಂಬ ಆದಿವಾಸಿ ಹಳ್ಳಿಯಲ್ಲಿ ೨೦೦೩ರಲ್ಲಿ ಕಿರು ಜಲವಿದ್ಯುತ್ ಘಟಕ ಬೆಳಗಿದಾಗ ಏಡ್‌ನ ನೆರವಿತ್ತು. ಆದರೆ ಕಲ್ಲುಮಣ್ಣು ಹೊತ್ತು ಶ್ರಮದಾನ ಮಾಡಿದವರು ಊರಿನವರು. ಹಣ ಹಿಂದೆ ಬಂತು, ಜನ ಮುಂದೆ ನಡೆದರು. ಇದೇ ಸರಿಯಾದ ಕ್ರಮ.

ಈಗ ಆ ಕ್ರಮ ಕಷ್ಟವಾಗಿದೆಯೆಂಬುದೂ ನಿಜ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ ೨೦೨೦ರಲ್ಲಿ ಆದ ತಿದ್ದುಪಡಿಯಂತೆ, ಹೊರದೇಶದ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಹಣವನ್ನು ಬರಮಾಡಿಕೊಳ್ಳಲು ದೆಹಲಿಯ ಗೊತ್ತುಪಡಿಸಿದ ಬ್ಯಾಂಕ್ ಶಾಖೆಯಲ್ಲೇ ಖಾತೆ ಇರಬೇಕು. ಮಸ್ಕಿಯ ಪಕ್ಕದ ಹಳ್ಳಿಯ ಮಹಿಳಾ ಸಂಘಕ್ಕೆ ಇದು ನಿಲುಕುವ ಮಾತೇ? ಹಾಗಾಗಿ ಕಾಗದಪತ್ರ ಬಲ್ಲ ದೊಡ್ಡ ಸಂಸ್ಥೆಗಳಿಗೇ ಹಣ ಹೋಗುತ್ತದೆ, ಕೆಲಸವನ್ನು ನಿಶ್ಚಯಿಸುವವರೂ ಅವರೇ ಆಗುತ್ತಾರೆ. ಪರದೇಶದಲ್ಲಿ ಓದುವ ನಿಮ್ಮ ಮಕ್ಕಳು ಕೊಡುಗೆ ಕಳುಹಿಸುವ ಮುನ್ನ ಕೇಳಬೇಕಾದುದು ಹಣ ತಲುಪಿತೇ ಎಂಬುದಷ್ಟೇ ಅಲ್ಲ. ಅದನ್ನು ಯಾವುದಕ್ಕೆ ಬಳಸಬೇಕೆಂದು ಹೇಳಿದವರು ಯಾರು ಎಂಬುದೂ ಹೌದು.

‘ಊರಿನವರು ಏನು ಬೇಕೆಂದು ಹೇಳುವುದಿಲ್ಲವಲ್ಲ’ ಎಂದು ನೀವು ಆಕ್ಷೇಪಿಸಬಹುದು. ಹೇಳುತ್ತಾರೆ, ಕೇಳುವವರಿಲ್ಲ. ೨೦೨೦ರ ಕೊನೆಯಲ್ಲಿ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕುಳಿತರು. ನಾರಾಯಣಪುರ ಬಲದಂಡೆಯ ೫ಎ ಕಾಲುವೆ ಆಗಬೇಕು ಎಂಬುದು ಅವರ ಬೇಡಿಕೆ. ಸರ್ಕಾರ ಬೇರೊಂದು ಯೋಜನೆಯನ್ನು ಮುಂದಿಟ್ಟಾಗಲೂ ಅವರು ಹರಿನೀರೇ ಬೇಕೆಂದರು. ೨೦೨೧ರ ಏಪ್ರಿಲಿನ ಮಸ್ಕಿ ಉಪಚುನಾವಣೆಯಲ್ಲಿ ಊರೂರುಗಳಲ್ಲಿ ಕೇಳಿಬಂದ ಮಾತು ಅದೇ. ಆ ಬೇಡಿಕೆ ಕಾರ್ಯಸಾಧ್ಯವೇ ಎಂಬುದನ್ನು ನೀರಾವರಿ ಬಲ್ಲವರು ಚರ್ಚಿಸಲಿ. ನಾನು ಹೇಳುವುದಿಷ್ಟೆ: ಸಿವಿಲ್ ಎಂಜಿನಿಯರಿಂಗ್ ಓದುವ ವಿದ್ಯಾರ್ಥಿಯೊಬ್ಬ ಆ ಧರಣಿಯಲ್ಲಿ ನಾಲ್ಕು ದಿನ ಕುಳಿತು, ಯೋಜನೆಯ ಕಾಗದಗಳನ್ನು ರೈತರಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಓದಿ ಹೇಳಿದ್ದರೆ, ಅದು ಹತ್ತು ಶಾಲೆಗಳ ಗೋಡೆಗೆ ಬಣ್ಣ ಬಳಿಯುವುದಕ್ಕಿಂತ ದೊಡ್ಡ ಸೇವೆಯಾಗುತ್ತಿತ್ತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದುದು. ‘ಊರು ಎಂದರೆ ಯಾರು? ಊರಿನ ತೀರ್ಮಾನವೆಂದರೆ ಹೊಲಮನೆ ಉಳ್ಳವರ ತೀರ್ಮಾನವೇ ಅಲ್ಲವೇ? ಕೇರಿಯವರನ್ನು ಕಟ್ಟೆ ಹತ್ತಗೊಡದ ಊರಿಗೆ ಮುಂದಾಳತ್ವ ಒಪ್ಪಿಸಿದರೆ ಅನ್ಯಾಯಕ್ಕೇ ಅಧಿಕಾರ ಕೊಟ್ಟಂತಲ್ಲವೇ?’ ಸತ್ಯವಾದ ಮಾತು. ಆದರೆ ಇದಕ್ಕೆ ಉತ್ತರ ಹೊರಗಿನವರ ಯಜಮಾನಿಕೆಯಲ್ಲ, ಕಟ್ಟಕಡೆಯವರ ಸಂಘಟನೆ. ಮಾನ್ವಿ–ಸಿಂಧನೂರು ರಸ್ತೆಯ ಪೋತ್ನಾಳವನ್ನು ನೋಡಿ. ಅಲ್ಲಿ ೧೯೯೯ರಲ್ಲಿ ದಲಿತ ಕೃಷಿಕೂಲಿ ಹೆಂಗಸರ ಜಾಗೃತ ಮಹಿಳಾ ಸಂಘಟನೆ ಹುಟ್ಟಿತು. ಅವರು ಗಿಡಮೂಲಿಕೆ ಔಷಧ ಮಾಡಿದರು, ಸುಟ್ಟ ಮಣ್ಣಿನ ಆಭರಣ ಮಾಡಿ ಪಟ್ಟಣಗಳಿಗೆ ಮಾರಿದರು, ಕೂಲಿಗೆ ಹೋಗುತ್ತಿದ್ದ ಮಕ್ಕಳಿಗಾಗಿ ಶಾಲೆ ನಡೆಸಿದರು, ಕೂಲಿಯ ಹಕ್ಕನ್ನೂ ಮರ್ಯಾದೆಯನ್ನೂ ಕೇಳಿದರು. ಹೊರಗಿನವರ ನೆರವು ಅವರಿಗೂ ದೊರೆತಿದೆ. ಆದರೆ ಸಭೆಯಲ್ಲಿ ಮಾತನಾಡುವವರು ಅವರೇ. ವಿದ್ಯಾರ್ಥಿಗೆ ಊರು ಹೊಕ್ಕ ದಿನ ಯಾರ ಮನೆಗೆ ಮೊದಲು ಹೋಗಬೇಕೆಂಬ ಸಂದೇಹ ಬಂದರೆ ಉತ್ತರ ಇಲ್ಲಿದೆ: ಕೇರಿಗೆ, ಹೊತ್ತು ಮುಳುಗಿದ ಮೇಲೆ, ಹೆಂಗಸರು ಮರಳಿ ಬಂದು ಒಲೆ ಹೊತ್ತಿಸಿ ಉಸಿರುಬಿಡುವ ಹೊತ್ತಿಗೆ.

ಹಾಗಾದರೆ ವಿದ್ಯಾರ್ಥಿಗಳಿಗೆ ಕೆಲಸವೇ ಇಲ್ಲವೇ? ಬೇಕಾದಷ್ಟಿದೆ, ಆದರೆ ಚಿತ್ರ ತೆಗೆಸಿಕೊಳ್ಳಲು ಅಷ್ಟು ಚೆನ್ನಾಗಿರುವುದಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ ೧೫೦ ಪದಗಳೊಳಗೆ ಇರಬೇಕು. ಪಡಿತರ ಸಿಗದ ಮುದುಕಿಯ ಅಳಲನ್ನು ಅವಳ ಅರ್ಥ ಕೆಡದಂತೆ ೧೫೦ ಪದಗಳಿಗೆ ಇಳಿಸುವುದು ಪದವೀಧರನಿಗೆ ತಕ್ಕ ಕೆಲಸ. ಸಂಘದ ಲೆಕ್ಕದ ಪುಸ್ತಕ ಬರೆಯಲು ಕಲಿಸುವುದು, ಬ್ಯಾಂಕಿನಿಂದ ಬಂದ ಇಂಗ್ಲಿಷ್ ಕಾಗದವನ್ನು ಓದಿ ಹೇಳುವುದು, ಮಣ್ಣುಪರೀಕ್ಷೆಯ ಚೀಟಿಯನ್ನು ರೈತನಿಗೆ ವಿವರಿಸುವುದು, ಇವೂ ಸೇವೆಯೇ. ೨೦೦೫ರ ಉದ್ಯೋಗ ಖಾತರಿ ಕಾಯ್ದೆ ೨೦೦೬ರಲ್ಲಿ ಜಾರಿಗೆ ಬಂದಾಗ ರಾಜ್ಯದ ಮೊದಲ ಐದು ಜಿಲ್ಲೆಗಳಲ್ಲಿ ರಾಯಚೂರೂ ಒಂದಾಗಿತ್ತು. ಕಾಮಗಾರಿಯ ಲೆಕ್ಕವನ್ನು ಗ್ರಾಮಸಭೆಯೇ ಪರಿಶೋಧಿಸಬೇಕೆಂದು ಆ ಕಾಯ್ದೆ ವಿಧಿಸಿತ್ತು. ಹಾಜರಿ ಪಟ್ಟಿಯನ್ನು ಜನರೆದುರು ಗಟ್ಟಿಯಾಗಿ ಓದಿ, ‘ಈ ಹೆಸರಿನವರು ದುಡಿದದ್ದು ನಿಜವೇ, ಕೂಲಿ ಕೈಸೇರಿತೇ’ ಎಂದು ಕೇಳಲು ಬೇಕಾದುದು ಓದುಬರಹ ಮತ್ತು ಎದೆಗಾರಿಕೆ. ಎರಡೂ ವಿದ್ಯಾರ್ಥಿಗಳಲ್ಲಿವೆ.

‘ಶಿಬಿರದಿಂದ ಮಕ್ಕಳ ಮನಸ್ಸಾದರೂ ಅರಳುತ್ತದಲ್ಲವೇ?’ ಎಂದು ಕೆಲವರು ಕೇಳುತ್ತಾರೆ. ಅರಳಲಿ, ಸಂತೋಷ. ಆದರೆ ಆಗ ಅದನ್ನು ಕಲಿಕೆಯೆಂದು ಕರೆಯೋಣ, ಸೇವೆಯೆಂದು ಬೇಡ. ಕಲಿಯಲು ಹೋದವನು ಗುರುವಿಗೆ ನಮಸ್ಕರಿಸುತ್ತಾನೆ, ಕಾಣಿಕೆ ಕೊಡುತ್ತಾನೆ. ಉಪಕಾರ ಮಾಡಲು ಹೋದವನು ನಮಸ್ಕಾರವನ್ನು ಎದುರು ನೋಡುತ್ತಾನೆ. ಯಾವುದಕ್ಕೆ ಮಕ್ಕಳನ್ನು ಕಳುಹಿಸುತ್ತಿದ್ದೇವೆಂದು ಅವರಿಗೆ ಮೊದಲೇ ಹೇಳುವ ಹೊಣೆ ನಮ್ಮದು.

ಮಸ್ಕಿಗೆ ಹೋದ ವಿದ್ಯಾರ್ಥಿಗಳು ಅಶೋಕನ ಶಾಸನದ ಬಂಡೆಯ ಬಳಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಪತ್ತೆಹಚ್ಚಿದಾಗ, ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ಅಶೋಕನೆಂಬ ಹೆಸರು ಮೊದಲ ಬಾರಿಗೆ ಶಾಸನದಲ್ಲಿ ದೊರೆಯಿತೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಆ ಬಂಡೆ ಏನು ಹೇಳುತ್ತದೆಂದು ಕೇಳುವವರು ವಿರಳ. ಉನ್ನತವಾದುದನ್ನು ದೊಡ್ಡವರು ಮಾತ್ರ ಮುಟ್ಟಬಲ್ಲರೆಂದು ತಿಳಿಯಬೇಡಿ, ಧರ್ಮದಲ್ಲಿ ನಿಷ್ಠೆಯುಳ್ಳ ಸಣ್ಣವರೂ ಮುಟ್ಟಬಲ್ಲರು, ಇಬ್ಬರಿಗೂ ಇದನ್ನು ತಿಳಿಸಿ ಎಂಬುದು ಅದರ ತಾತ್ಪರ್ಯ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಚಕ್ರವರ್ತಿಯೊಬ್ಬ ಈ ನೆಲದಲ್ಲಿ ಕಲ್ಲಿಗೆ ಕೆತ್ತಿಸಿದ ಮಾತನ್ನು, ಅದೇ ನೆಲಕ್ಕೆ ಉದ್ಧಾರಕರಾಗಿ ಬರುವ ನಾವು ಇನ್ನೂ ಓದಿಲ್ಲ.

ನಮ್ಮದೇ ಚರಿತ್ರೆಯೂ ಬೇರೆಯಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಿಂದ, ಎಂದರೆ ೧೬ನೇ ಶತಮಾನದಿಂದ, ಕಥೋಲಿಕ ಸಮುದಾಯ ಬಾಳಿಬಂದಿದೆ. ಬಿತ್ತಿದವರು ಹೊರಗಿನಿಂದ ಬಂದರು, ಹೋದರು. ನೆಲದ ಜನ ತಮ್ಮದೆಂದು ಅಪ್ಪಿಕೊಂಡದ್ದರಿಂದ ಅದು ಉಳಿಯಿತು. ದಾರಿಯ ಬದಿಯಲ್ಲಿ ಕುಳಿತು ಕೂಗಿಕೊಂಡ ಕುರುಡ ಬಾರ್ತಿಮಾಯನ ಕಥೆ ನಿಮಗೆಲ್ಲ ಗೊತ್ತು. ಅವನಿಗೆ ಕಣ್ಣಿಲ್ಲವೆಂಬುದು ಎಲ್ಲರಿಗೂ ಕಾಣುತ್ತಿತ್ತು. ಆದರೂ ಯೇಸುಸ್ವಾಮಿ ಮೊದಲು ಅವನನ್ನು ಕೇಳಿದರು, ತನ್ನಿಂದ ಏನಾಗಬೇಕೆಂದು. ಅವನು ಬಾಯಿಬಿಟ್ಟು ಹೇಳಿದ ಮೇಲೆಯೇ ಮುಂದಿನದು ನಡೆಯಿತು.

ಆದ್ದರಿಂದ, ತಂದೆತಾಯಿಗಳೇ, ಮುಂದಿನ ಸಲ ಕಾಲೇಜಿನಿಂದ ಶಿಬಿರದ ಒಪ್ಪಿಗೆ ಪತ್ರ ಬಂದಾಗ ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿ. ಈ ಕೆಲಸವನ್ನು ಕೇಳಿದವರು ಯಾರು? ಕೇರಿಯ ಹೆಂಗಸರು ಒಪ್ಪಿದ್ದಾರೆಯೇ? ಅವರು ಬೇಡವೆಂದರೆ ಕಾರ್ಯಕ್ರಮ ನಿಲ್ಲುತ್ತದೆಯೇ? ಮಕ್ಕಳು ಮರಳಿ ಬಂದಾಗ ‘ಏನು ಮಾಡಿ ಬಂದೆ?’ ಎಂದು ಕೇಳಬೇಡಿ, ‘ಅವರು ನಿನಗೆ ಏನು ಹೇಳಿದರು?’ ಎಂದು ಕೇಳಿ. ಮಗಳು ಉತ್ತರಿಸಲಾರದೆ ತಲೆತಗ್ಗಿಸಿದರೆ ಗದರಬೇಡಿ. ಮತ್ತೊಮ್ಮೆ ಹೋಗಿ ಬಾ ಎನ್ನಿ, ಈ ಸಲ ರಂಗೋಲಿಯ ಪುಡಿಯನ್ನು ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತುಕೋ ಎನ್ನಿ.